ಬರೆಯದೆ ಬಿಟ್ಟ ಸಾಲು

ಮಗಳು ಹುಟ್ಟಿದ ಮೂರನೇ ದಿನ ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಡಾಕ್ಟರು ಎರಡು ಮಾತು ಹೇಳಿದರು. ಎರಡು ಮೂರು ಗಂಟೆಗೊಮ್ಮೆ ಹಾಲು ಕುಡಿಸಿ; ಎಷ್ಟು ಸಲ ಬಟ್ಟೆ ಒದ್ದೆ ಮಾಡಿಕೊಳ್ಳುತ್ತಾಳೆ ಅಂತ ಎಣಿಸಿ. ಐದನೇ ದಿನ ಕಳೆದ ಮೇಲೆ ದಿನಕ್ಕೆ ಆರು ಸಲವಾದರೂ ಒದ್ದೆಯಾದರೆ ಹಾಲು ಸಾಲುತ್ತಿದೆ ಎಂದು ಅರ್ಥವಂತೆ. ನಾನು ದಾರಿಯಲ್ಲಿ ಆಟೋ ನಿಲ್ಲಿಸಿ ಇನ್ನೂರು ಪುಟದ ನೋಟ್‌ಬುಕ್ ಕೊಂಡೆ. ಸ್ಕೇಲು ಇಟ್ಟು ಗೆರೆ ಹೊಡೆದೆ. ಸಮಯ, ಎಡ ಅಥವಾ ಬಲ, ಎಷ್ಟು ನಿಮಿಷ, ಒಂದಕ್ಕೆ, ಎರಡಕ್ಕೆ. ಕೊನೆಯಲ್ಲಿ ಅಗಲವಾದ ಒಂದು ಕಾಲಂ: ನಿದ್ದೆ, ಅಳು, ಇತರೆ.

ಹುಟ್ಟಿದಾಗ 2.9 ಕೆಜಿ ಇದ್ದವಳು ಐದನೇ ದಿನ 2.7ಕ್ಕೆ ಇಳಿದಳು. ಮೊದಲ ವಾರ ಎಲ್ಲ ಮಕ್ಕಳೂ ಸ್ವಲ್ಪ ಇಳಿಯುತ್ತವೆ, ಎರಡು ವಾರದೊಳಗೆ ಮತ್ತೆ ತುಂಬಿಕೊಳ್ಳುತ್ತವೆ ಎನ್ನುವುದು ಗೊತ್ತಿತ್ತು. ಗೊತ್ತಿದ್ದೂ ಆ ಇನ್ನೂರು ಗ್ರಾಂ ಎಲ್ಲಿ ಬಿದ್ದುಹೋಯಿತು ಎಂದು ಹುಡುಕುವವನ ಹಾಗೆ ಪುಟ ತಿರುವುತ್ತಿದ್ದೆ. ನನ್ನ ಹೆಂಡತಿ ಹಾಸಿಗೆಯಿಂದಲೇ ನಕ್ಕಳು. "ನಿಮ್ಮಪ್ಪನ ಡೈರಿ ಪುಸ್ತಕ ಹೀಗೇ ಇರತ್ತೇನೋ!"

ಅವಳು ಆ ಪುಸ್ತಕವನ್ನು ನೋಡಿದವಳಲ್ಲ. ಆ ಮನೆಯನ್ನೂ ನೋಡಿಲ್ಲ. ನನ್ನ ಅಪ್ಪ ನಾಗಮಂಗಲದ ಕಡೆಯ ನಮ್ಮೂರಲ್ಲಿ ಹಾಲಿನ ಸೊಸೈಟಿಯ ಕಾರ್ಯದರ್ಶಿ. ಬೆಳಿಗ್ಗೆ ಸಂಜೆ ಯಾರ ಮನೆಯ ಹಾಲು ಎಷ್ಟು ಲೀಟರು, ಫ್ಯಾಟ್ ಎಷ್ಟು ಬಂತು ಎಂದು ಬರೆದು ಬರೆದೇ ಅರ್ಧ ಆಯಸ್ಸು ಕಳೆದವನು. 2018ರಲ್ಲಿ ನಾನು ಬೇರೆ ಜಾತಿಯ ಹುಡುಗಿಯನ್ನು ಮದುವೆಯಾಗುತ್ತೇನೆ ಅಂದಾಗ ಫೋನಿನಲ್ಲಿ ಅವನು ಅಂದದ್ದು ಒಂದೇ ಮಾತು: "ಸಾಕಿದ ಋಣ ತೀರ್ಸು. ಆಮೇಲೆ ಯಾರ್ನಾದ್ರೂ ಕಟ್ಕೊ." ನಾನೂ ಸುಮ್ಮನಿರಲಿಲ್ಲ. "ಹುಟ್ಸಿ ಅಂತ ನಾನೇನು ಅರ್ಜಿ ಹಾಕಿದ್ನಾ?" ಅಂದೆ. ಫೋನು ಕಟ್ಟಾಯಿತು. ಮೂರು ವರ್ಷದ ಹಿಂದೆ ಅವ್ವ ತೀರಿಕೊಂಡಾಗ ಊರಿಗೆ ಒಬ್ಬನೇ ಹೋದೆ. ಇಬ್ಬರೂ ಅಕ್ಕಪಕ್ಕ ನಿಂತು ಎಳ್ಳುನೀರು ಬಿಟ್ಟೆವು. ದರ್ಭೆ, ಅಕ್ಕಿ, ಪುರೋಹಿತರ ದಕ್ಷಿಣೆ ಇಷ್ಟನ್ನು ಬಿಟ್ಟು ಬೇರೆ ಮಾತಾಡಲಿಲ್ಲ.

ಹಾಗಾಗಿ ನಮಗೆ ಬಾಣಂತನ ಮಾಡುವವರು ಯಾರೂ ಇರಲಿಲ್ಲ. ಅವಳ ತವರಿನ ಬಾಗಿಲೂ ನಮಗೆ ಅಷ್ಟೇ ಮುಚ್ಚಿತ್ತು. ಅತಿಥಿ ಉಪನ್ಯಾಸಕನಾದ ನನಗೆ ಪಿತೃತ್ವ ರಜೆ ಎನ್ನುವುದು ಪತ್ರಿಕೆಯಲ್ಲಿ ಓದುವ ವಿಷಯ. ಕೇಂದ್ರ ಸರ್ಕಾರದ ನೌಕರರಿಗೆ 15 ದಿನ ಇದೆ. ನನಗೆ ಪಾಠ ಮಾಡದ ದಿನ ಸಂಬಳವಿಲ್ಲ, ಅಷ್ಟೇ. ಸೆಮಿಸ್ಟರ್ ಮುಗಿದು ಪರೀಕ್ಷೆ ನಡೆಯುವ ಕಾಲದಲ್ಲಿ ಮಗಳು ಹುಟ್ಟಿದ್ದರಿಂದ ಬಚಾವಾದೆ.

ಮಗುವಿಗೆ ನೀರು ಹಾಕಲು ಮಾತ್ರ ನಮ್ಮ ಬೀದಿಯ ಕೊನೆಯ ಮನೆಯ ಅಜ್ಜಿ ಬರುತ್ತಿದ್ದರು. ಬಚ್ಚಲಲ್ಲಿ ಮಣೆ ಹಾಕಿ ಕೂತು, ಕಾಲು ನೀಡಿ, ಮೊಣಕಾಲಿನ ಮೇಲೆ ಮಗುವನ್ನು ಬೋರಲು ಮಲಗಿಸಿಕೊಂಡು ಕೊಬ್ಬರಿ ಎಣ್ಣೆ ತಿಕ್ಕುವಾಗ ಆ ಒಣಗಿದ ಕೈಗೆ ಎಲ್ಲಿಂದ ಅಷ್ಟು ಹದ ಬರುತ್ತಿತ್ತೋ! ನಾನು ಬಿಸಿನೀರು ತುಂಬಿಕೊಡುವ ಸಹಾಯಕ. ತಲೆಗೆ ನೀರು ಬಿದ್ದ ಕೂಡಲೇ ಮಗು ಉಸಿರು ಕಟ್ಟಿದಂತೆ ಮಾಡಿ ಕಿರುಚುತ್ತಿತ್ತು. ಅಜ್ಜಿ ಅದಕ್ಕೆ ಜಗ್ಗುವವರಲ್ಲ. ನಡುವೆ ಆಶಾ ಕಾರ್ಯಕರ್ತೆ ಬಂದು, ಸಾಂಬ್ರಾಣಿ ಹೊಗೆ ಬೇಡ, ಕಣ್ಣಿಗೆ ಕಾಡಿಗೆ ಬೇಡ ಎಂದು ಹೇಳಿಹೋದ ಮೇಲೆ ಅಜ್ಜಿ ಎರಡು ದಿನ ಮುಖ ದಪ್ಪ ಮಾಡಿಕೊಂಡಿದ್ದರು. ಆಮೇಲೆ ಅವರೇ ಕಾಡಿಗೆಯ ಬೊಟ್ಟನ್ನು ಅಂಗಾಲಿಗೆ ಇಟ್ಟು ರಾಜಿ ಮಾಡಿಕೊಂಡರು.

ಎಷ್ಟು ಮಕ್ಕಳಿಗೆ ನೀರು ಹಾಕಿದ್ದೀರಜ್ಜಿ ಎಂದು ಒಂದು ದಿನ ಕೇಳಿದೆ. "ಲೆಕ್ಕ ಯಾರಿಟ್ಟಿದಾರೆ?" ಅಂದರು. ಹಾಗಂದವರೇ ಒಂದು ಕತೆ ಹೇಳಿದರು. ಇದೇ ಬೀದಿಯ ಒಬ್ಬ ಹುಡುಗ. ತಿಂಗಳು ತುಂಬುವ ಮುಂಚೆ ಹುಟ್ಟಿದ್ದನಂತೆ, ಅಂಗೈ ಅಗಲ ಇದ್ದನಂತೆ. ಅವನಿಗೆ ಮೂರು ತಿಂಗಳು ನೀರು ಹಾಕಿ ಮೈ ತುಂಬಿಸಿದ್ದು ಇವರೇ. "ಮೊನ್ನೆ ತರಕಾರಿ ತಗೊಂಡು ಬರ್ತಿದ್ದೆ. ಹಿಂದಿನಿಂದ ಬೈಕಲ್ಲಿ ಬಂದು ಹಾರನ್ ಹೊಡೆದ. ದಾರಿ ಬಿಡಜ್ಜಿ, ಕಿವಿ ಕೇಳ್ಸಲ್ವಾ ಅಂದ. ನೋಡಿದ್ರೆ ಅವನೇ." ಹೇಳಿ ಮನಸಾರೆ ನಕ್ಕರು. ನನಗೆ ನಗು ಬರಲಿಲ್ಲ.

ಆ ಹುಡುಗ ಕೃತಘ್ನನೇ? ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಈ ಪ್ರಶ್ನೆಯನ್ನು ಬರೆದಿಟ್ಟೆ. ಕೃತಜ್ಞ ಎಂದರೆ ಕೃತವನ್ನು, ಅಂದರೆ ಮಾಡಿದ್ದನ್ನು, ಅರಿತವನು. ಕೃತಘ್ನ ಎಂದರೆ ಮಾಡಿದ್ದನ್ನು ಕೊಂದವನು. ಅರಿವೇ ಇಲ್ಲದವನು ಕೊಲ್ಲುವುದಾದರೂ ಹೇಗೆ? ಆದರೆ ಅರಿವಿಲ್ಲ ಎಂದು ಅವನನ್ನು ಬಿಟ್ಟುಬಿಟ್ಟರೆ ನಮ್ಮಲ್ಲಿ ಒಬ್ಬರೂ ಉಳಿಯುವುದಿಲ್ಲ. ಮನುಷ್ಯರಿಗೆ ಸಾಮಾನ್ಯವಾಗಿ ಮೂರು ವರ್ಷಕ್ಕಿಂತ ಹಿಂದಿನದು ನೆನಪಿರುವುದಿಲ್ಲ. ಅಂದರೆ ನಮಗೆ ಅತಿ ಹೆಚ್ಚು ಮಾಡಿದ ಕಾಲ ಯಾವುದೋ ಅದೇ ಕಾಲ ನಮ್ಮ ನೆನಪಿನಲ್ಲಿಲ್ಲ. ಕತ್ತು ನಿಲ್ಲಿಸಿದ್ದು, ತೇಗು ಬರಿಸಿದ್ದು, ರಾತ್ರಿ ಮೂರಕ್ಕೆ ಎದ್ದು ಹಳದಿ ಬಟ್ಟೆ ಒಗೆದದ್ದು, ಎಲ್ಲ. ಆಮೇಲೆ ಕೊಡಿಸಿದ ಸೈಕಲ್ಲು, ಕಟ್ಟಿದ ಫೀಸು ಇವಕ್ಕೆ ಸಾಕ್ಷಿಗಳಿದ್ದಾರೆ, ರಸೀದಿಗಳಿವೆ.

ಇನ್ನು ಋಣದ ಮಾತು. ಹುಟ್ಟುವಾಗಲೇ ಮೂರು ಋಣ ಹೊತ್ತು ಹುಟ್ಟುತ್ತಾನೆ ಎನ್ನುವುದು ತೈತ್ತಿರೀಯ ಸಂಹಿತೆಯಲ್ಲಿ ಬರುತ್ತದೆ. ಅಲ್ಲಿ ಹೇಳಿರುವುದು ಬ್ರಾಹ್ಮಣನ ವಿಷಯ. ಆಮೇಲೆ ಆ ಮಾತು ಎಲ್ಲರ ಹಟ್ಟಿಗೂ ನಡೆದುಬಂತು. ಋಷಿಗಳ ಋಣ ಓದಿನಿಂದ, ದೇವರ ಋಣ ಯಜ್ಞದಿಂದ, ಪಿತೃಗಳ ಋಣ ಮಕ್ಕಳನ್ನು ಪಡೆಯುವುದರಿಂದ ತೀರುತ್ತದಂತೆ. ಎಷ್ಟೋ ವರ್ಷ ಇದನ್ನು ವಂಶ ಬೆಳೆಸುವ ಗಂಡಸರ ಹಟ ಎಂದಷ್ಟೇ ಓದಿಕೊಂಡಿದ್ದೆ. ಆ ಹಟ ಅದರಲ್ಲಿ ಇದ್ದೇ ಇದೆ. ಈಗ ಬೇರೊಂದು ಕಾಣುತ್ತಿದೆ. ಅಪ್ಪನಿಂದ ಪಡೆದ ಸಾಲವನ್ನು ಅಪ್ಪನಿಗೇ ವಾಪಸ್ ಕೊಡು ಎಂದು ಅಲ್ಲಿ ಹೇಳಿಲ್ಲ. ಇನ್ನೂ ಹುಟ್ಟದ ಮೂರನೆಯವರಿಗೆ ಕೊಡು ಎಂದಿದೆ. ಸೊಸೈಟಿಯ ಲೆಕ್ಕದಲ್ಲಿ ಇಂಥ ಜಮಾ ಖರ್ಚು ನಡೆಯುವುದಿಲ್ಲ. ನನ್ನ ಅಪ್ಪ ಒಪ್ಪುತ್ತಿರಲಿಲ್ಲ.

ನನ್ನ ಪರವಾಗಿಯೂ ದೊಡ್ಡ ವಕೀಲರಿದ್ದಾರೆ. ಮದುವೆಯಾಗದ, ಮಕ್ಕಳಿಲ್ಲದ ಇಮ್ಯಾನುಯೆಲ್ ಕಾಂಟ್ 1797ರ 'ಮೆಟಫಿಸಿಕ್ಸ್ ಆಫ್ ಮಾರಲ್ಸ್'ನಲ್ಲಿ ಈ ವಿಷಯಕ್ಕೆ ಬರುತ್ತಾನೆ. ಒಂದು ಜೀವವನ್ನು ಅದರ ಒಪ್ಪಿಗೆ ಇಲ್ಲದೆ ನಾವೇ ಈ ಲೋಕಕ್ಕೆ ತಂದಿದ್ದೇವೆ. ಆದ್ದರಿಂದ ತನ್ನ ಸ್ಥಿತಿಯ ಬಗ್ಗೆ ಅದಕ್ಕೆ ಸಮಾಧಾನ ಬರುವಂತೆ ನೋಡಿಕೊಳ್ಳುವುದು ತಂದೆತಾಯಿಯ ಹೊಣೆ ಎನ್ನುತ್ತಾನೆ. ಮಕ್ಕಳು ದೊಡ್ಡವರಾದ ಮೇಲೆ ಸಾಕಿದ ಖರ್ಚನ್ನು ಸಾಲವೆಂದು ವಸೂಲಿ ಮಾಡುವ ಹಕ್ಕು ಇವರಿಗಿಲ್ಲ. ಅವರಿಂದ ಕೃತಜ್ಞತೆಯನ್ನು ನಿರೀಕ್ಷಿಸಬಹುದು, ಕೋರ್ಟಿಗೆ ಎಳೆಯುವಂತಿಲ್ಲ. ನಮ್ಮ ದೇಶದಲ್ಲಿ 2007ರ ಹಿರಿಯ ನಾಗರಿಕರ ಕಾಯ್ದೆ ಬೇರೆ ದಾರಿ ಹಿಡಿಯಿತು. ತಂದೆತಾಯಿಗೆ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿ ಎಂದು ಮಕ್ಕಳಿಗೆ ಆದೇಶಿಸಬಹುದು. ಆದರೆ ಗಮನಿಸಿ, ಅದು ಕೈಲಾಗದವರಿಗೆ ಕೊಡುವ ಆಸರೆಯೇ ಹೊರತು ಹಳೆಯ ಹಾಲಿನ ಬಿಲ್ಲಲ್ಲ. 2019ರಲ್ಲಿ ಮುಂಬೈಯ ಒಬ್ಬ ಯುವಕ, ನನ್ನ ಒಪ್ಪಿಗೆ ಇಲ್ಲದೆ ನನ್ನನ್ನು ಹುಟ್ಟಿಸಿದ ತಂದೆತಾಯಿಯ ಮೇಲೆ ಕೇಸು ಹಾಕುತ್ತೇನೆ ಎಂದು ಸುದ್ದಿಯಾದ. ತಂದೆತಾಯಿ ಇಬ್ಬರೂ ವಕೀಲರು. ಊರೆಲ್ಲ ನಕ್ಕಿತು. ಹಿಂದಿನ ವರ್ಷವಷ್ಟೇ ಅದೇ ವಾದವನ್ನು ಫೋನಿನಲ್ಲಿ ಮಂಡಿಸಿದ್ದ ನಾನು ನಗಲಿಲ್ಲ.

ಈಗ ನಾನು ಆಚೆ ಕಡೆಯವನು. ಒಪ್ಪಿಗೆ ಕೇಳದೆ ಕರೆತಂದವನು.

ಇಪ್ಪತ್ತಮೂರನೇ ರಾತ್ರಿಯ ವಿಷಯ ಹೇಳಬೇಕು. ಇಷ್ಟೊತ್ತು ಅದನ್ನು ತಪ್ಪಿಸಿಕೊಂಡೇ ಬರೆಯುತ್ತಿದ್ದೇನೆ.

ಮಕ್ಕಳ ಅಳು ಎರಡನೇ ವಾರದಿಂದ ಏರುತ್ತಾ ಹೋಗಿ ಆರನೇ ವಾರದ ಹೊತ್ತಿಗೆ ತುದಿ ಮುಟ್ಟಿ ಆಮೇಲೆ ಇಳಿಯುತ್ತದೆ. ಇದನ್ನು ನಾನು ಓದಿಕೊಂಡಿದ್ದೆ. ಓದಿಕೊಂಡದ್ದು ರಾತ್ರಿ ಒಂದೂವರೆಗೆ ಕೆಲಸಕ್ಕೆ ಬರುವುದಿಲ್ಲ. ಹೆಂಡತಿಗೆ ಎದೆಹಾಲು ಕಟ್ಟಿಕೊಂಡು ಜ್ವರ ಬಂದು, ಮಾತ್ರೆ ತೆಗೆದುಕೊಂಡು ಆಗತಾನೇ ಮಲಗಿದ್ದಳು. ಹಾಲು ಕುಡಿದಾಗಿತ್ತು, ತೇಗಾಗಿತ್ತು, ಬಟ್ಟೆ ಒಣಗಿತ್ತು. ಹೆಗಲ ಮೇಲೆ ಹಾಕಿಕೊಂಡು ಅಡುಗೆಮನೆಯಿಂದ ಹಾಲಿಗೆ, ಹಾಲಿನಿಂದ ಅಡುಗೆಮನೆಗೆ ನಡೆದೆ. ಫ್ಯಾನು ತೋರಿಸಿದೆ, ದೀಪ ತೋರಿಸಿದೆ. ಅವ್ವ ಹಾಡುತ್ತಿದ್ದಿರಬಹುದಾದ ರಾಗ ಯಾವುದೋ ಒಂದನ್ನು ಊಹಿಸಿಕೊಂಡು ಗುನುಗಿದೆ. ಒಂದು ಗಂಟೆಯಾಯಿತು. ಅಳು ನಿಲ್ಲಲಿಲ್ಲ.

ಆಮೇಲೆ ನನ್ನ ಬಾಯಿಂದ "ಮುಚ್ಚು ಬಾಯಿ" ಎಂಬ ಮಾತು ಬಂತು. ಧ್ವನಿ ನನ್ನದಾಗಿರಲಿಲ್ಲ. ಎರಡೂ ಕೈಯಲ್ಲಿ ಅವಳನ್ನು ಮುಖದ ಎದುರಿಗೆ ಹಿಡಿದಿದ್ದೆ. ಹಿಡಿತ ಬಿಗಿಯಾಗುತ್ತಾ ಹೋದದ್ದು ನನಗೆ ತಿಳಿಯಲಿಲ್ಲ. ಹೆಬ್ಬೆರಳ ಕೆಳಗೆ ಪಕ್ಕೆಲುಬು ಸಿಕ್ಕಿದಾಗ ತಿಳಿಯಿತು. ಹಕ್ಕಿಯ ಗೂಡಿನ ಕಡ್ಡಿಗಳ ಹಾಗಿತ್ತು. ಅವಳ ತಲೆ ಹಿಂದಕ್ಕೆ ವಾಲಿತ್ತು. ಅವಳನ್ನು ಹಾಸಿಗೆಯ ನಡುವೆ ಇಟ್ಟೆ. ಎಸೆಯಲಿಲ್ಲ. ಮೆಲ್ಲಗೆ ಇಟ್ಟೆ ಎಂದು ಹೇಳಲೂ ಆರೆ. ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡೆ. ಎದುರು ಮನೆಯ ನೀರಿನ ಟ್ಯಾಂಕು ತುಂಬಿ ಹರಿಯುತ್ತಿತ್ತು. ಮೊಬೈಲಿನಲ್ಲಿ ಗಂಟೆ ನೋಡಿದೆ, 2:40. ಮತ್ತೆ ಒಳಗೆ ಬಂದಾಗ 2:51. ಅವಳು ಬಿಕ್ಕುತ್ತಾ ಬಿಕ್ಕುತ್ತಾ ಸೋತು ಕಣ್ಣು ಮುಚ್ಚುತ್ತಿದ್ದಳು. ಬೆರಳು ಕೊಟ್ಟೆ. ಹಿಡಿದುಕೊಂಡಳು.

ಆ ಹಿಡಿತಕ್ಕೆ ಅರ್ಥ ಕಟ್ಟುವಂತಿಲ್ಲ. ಅಂಗೈಗೆ ಏನು ತಾಗಿದರೂ ಹಸುಗೂಸು ಹಿಡಿದುಕೊಳ್ಳುತ್ತದೆ. ಅದು ನರಗಳ ಕೆಲಸ. ಕ್ಷಮೆಯೂ ಅಲ್ಲ, ಪ್ರೀತಿಯೂ ಅಲ್ಲ. ಆಗ ತಾನೇ ಬಿಗಿ ಹಿಡಿದಿದ್ದ ಕೈ ಇದೇ ಎಂದು ಗೊತ್ತಿದ್ದರೂ ಅವಳಿಗೆ ಬೇರೆ ಕೈ ಇರಲಿಲ್ಲ.

ನಾನು ಮಾಡಿದ್ದೇ ಸರಿ ಎಂದು ಆಮೇಲೆ ಡಾಕ್ಟರೇ ಹೇಳಿದರು. ತಾಳ್ಮೆ ತಪ್ಪುತ್ತಿದೆ ಅನ್ನಿಸಿದರೆ ಮಗುವನ್ನು ಸುರಕ್ಷಿತವಾದ ಜಾಗದಲ್ಲಿ ಮಲಗಿಸಿ ಸ್ವಲ್ಪ ಹೊತ್ತು ದೂರ ಹೋಗಬೇಕಂತೆ. ಎಳೆ ಕತ್ತು, ಭಾರದ ತಲೆ. ಒಮ್ಮೆ ಅಲುಗಾಡಿಸಿದರೂ ಮೆದುಳಿಗೆ ಪೆಟ್ಟಾಗಬಹುದು. ಕೇಳಿ ತಲೆಯಾಡಿಸಿದೆ. ಆದರೆ ನಾನು ದೂರ ಹೋದದ್ದು ಆ ತಿಳಿವಳಿಕೆಯಿಂದಲ್ಲ. ನನ್ನ ಬೆರಳುಗಳಲ್ಲಿ ಏನಿತ್ತೋ ಅದಕ್ಕೆ ಹೆದರಿ. ಫಲ ಒಳ್ಳೆಯದಾಯಿತು ಎಂದರೆ ಬೆರಳುಗಳಲ್ಲಿ ಇದ್ದದ್ದು ಇಲ್ಲವಾಗುತ್ತದೆಯೇ?

ಹ್ಯಾನ್ಸ್ ಯೋನಾಸ್ ಎಂಬ ದಾರ್ಶನಿಕ ಹೊಣೆಗಾರಿಕೆಯ ಬಗ್ಗೆ 1979ರಲ್ಲಿ ಬರೆದ ಪುಸ್ತಕದಲ್ಲಿ ಆಗತಾನೇ ಹುಟ್ಟಿದ ಮಗುವನ್ನೇ ಉದಾಹರಣೆಯಾಗಿ ಇಡುತ್ತಾನೆ. ಆ ಮಗುವಿನ ಉಸಿರಾಟವೇ ಸುತ್ತಲಿನ ಲೋಕಕ್ಕೆ 'ನನ್ನನ್ನು ನೋಡಿಕೊಳ್ಳಬೇಕು' ಎಂದು ಹೇಳುತ್ತದೆ. ನೋಡಿದರೆ ಸಾಕು, ಗೊತ್ತಾಗುತ್ತದೆ ಎನ್ನುವುದು ಅವನ ವಾದ. ತರಗತಿಯಲ್ಲಿ ಇದನ್ನು ಮೂರು ವರ್ಷ ಹುರುಪಿನಿಂದ ಪಾಠ ಮಾಡಿದ್ದೇನೆ. ನನಗೂ ಗೊತ್ತಾಯಿತು, ಆ ರಾತ್ರಿ ಗೊತ್ತಾದಷ್ಟು ಚೆನ್ನಾಗಿ ಯಾವತ್ತೂ ಗೊತ್ತಾಗಿರಲಿಲ್ಲ. ಸಿಟ್ಟು ಬಂದದ್ದು ಗೊತ್ತಾಗದೆ ಇದ್ದುದಕ್ಕಲ್ಲ. ಅಪ್ಪಣೆ ಸ್ಪಷ್ಟವಾಗಿತ್ತು, ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ, ಆ ಸಿಟ್ಟು ಅದರ ಮೇಲೆ.

ಬೆಳಿಗ್ಗೆ ನೋಟ್‌ಬುಕ್ ತೆರೆದೆ. 1:10ಕ್ಕೆ ಹಾಲು ಕುಡಿದದ್ದು ಬರೆದಿತ್ತು. 4:50ಕ್ಕೆ ಮತ್ತೆ ಕುಡಿದದ್ದು ಬರೆದೆ. ನಡುವೆ ಒಂದು ಸಾಲು ಖಾಲಿ ಬಿಟ್ಟೆ. ಬರೆದರೆ ಮುಂದೊಂದು ದಿನ ಅವಳು ಓದಿಯಾಳು. ಬರೆಯದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಅನುಭವಿಸಿದವಳಿಗೇ ನೆನಪಿರದ ತಪ್ಪು! ಅಜ್ಜಿಯ ಎಣ್ಣೆನೀರು ಹೇಗೆ ನೆನಪಿಲ್ಲವೋ ಇದೂ ಹಾಗೆಯೇ. ಉಪಕಾರ ನೆನಪಿಲ್ಲ ಎಂದು ಆ ಬೈಕಿನ ಹುಡುಗನ ಮೇಲೆ ಬೇಸರಪಟ್ಟ ನಾನು, ಅಪಕಾರ ನೆನಪಿರುವುದಿಲ್ಲ ಎಂದು ಒಳಗೊಳಗೇ ನಿಟ್ಟುಸಿರು ಬಿಟ್ಟೆ. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಲು ಆಗುವುದಿಲ್ಲ. ಮರೆತುಹೋದ ಒಳ್ಳೆಯದಕ್ಕೆ ಬೆಲೆ ಇದೆ ಎಂದರೆ ಮರೆತುಹೋಗುವ ಕೆಟ್ಟದ್ದಕ್ಕೂ ಲೆಕ್ಕ ಇರಲೇಬೇಕು.

ಹೆಂಡತಿಗೂ ಹೇಳಲಿಲ್ಲ.

ನಲವತ್ತೊಂದನೇ ದಿನ ಅಪ್ಪ ಬಂದ. ನನಗೆ ತಿಳಿಸದೆ ನನ್ನ ಹೆಂಡತಿ ಮಗುವಿನ ಫೋಟೋ ಕಳಿಸಿದ್ದಳಂತೆ, ಎರಡು ವಾರದ ಹಿಂದೆ. ಉತ್ತರ ಬಂದಿರಲಿಲ್ಲ. ಬಾಗಿಲು ತೆಗೆದರೆ ಅಪ್ಪ, ಕೈಯಲ್ಲಿ ತುಪ್ಪದ ಬಾಟಲಿ, ಒಣಕೊಬ್ಬರಿ, ಬೆಳ್ಳುಳ್ಳಿ ಇದ್ದ ಬಟ್ಟೆಯ ಚೀಲ. "ನಾಗಮಂಗಲದಲ್ಲಿ ಸೀಟೇ ಸಿಕ್ಕಲಿಲ್ಲ" ಎಂದ. ಒಳಗೆ ಬಂದು ಕೈಕಾಲು ತೊಳೆದು, ಮಗುವನ್ನು ಎತ್ತಿಕೊಳ್ಳದೆ, ತೊಟ್ಟಿಲ ಪಕ್ಕ ಕುರ್ಚಿ ಎಳೆದುಕೊಂಡು ಕೂತ. ಏನು ಮಾತಾಡಬೇಕೋ ಇಬ್ಬರಿಗೂ ತೋಚಲಿಲ್ಲ. ಮೇಜಿನ ಮೇಲಿದ್ದ ನೋಟ್‌ಬುಕ್ ಅವನ ಕಣ್ಣಿಗೆ ಬಿತ್ತು. ಕನ್ನಡಕ ಹಾಕಿಕೊಂಡು ತೆರೆದ.

ಅವನು ಪುಸ್ತಕ ನೋಡುವ ಕ್ರಮ ನನಗೆ ಚಿಕ್ಕಂದಿನಿಂದ ಗೊತ್ತು. ಬೆರಳನ್ನು ಕಾಲಮ್ಮಿನ ಮೇಲಿಂದ ಕೆಳಕ್ಕೆ ಜಾರಿಸುತ್ತಾ ಹೋಗುತ್ತಾನೆ. ಎಲ್ಲಿ ನಿಲ್ಲುತ್ತಾನೋ ಅಲ್ಲಿ ತಪ್ಪಿದೆ ಎಂದು ಅರ್ಥ. ಬೆರಳು ನಿಂತಿತು.

"ಒಂದೂ ಹತ್ತಾದ್ಮೇಲೆ ನಾಕೂ ಐವತ್ತು. ಹಾಲೂ ಇಲ್ಲ, ನಿದ್ದೇನೂ ಬರ್ದಿಲ್ಲ. ಇಲ್ಲೇನಾಯ್ತು?"

ಸುಳ್ಳು ಹೇಳಬಹುದಿತ್ತು. ಹೇಳಿಬಿಟ್ಟೆ. ಬೆರಳಿನ ಬಿಗಿ, ಬಾಲ್ಕನಿ, ಹನ್ನೊಂದು ನಿಮಿಷ, ಎಲ್ಲ. ಹೆಂಡತಿ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಾಳೆ ಎನ್ನುವುದು ಅರ್ಧ ಹೇಳಿದ ಮೇಲೆ ಗೊತ್ತಾಯಿತು. ನಿಲ್ಲಿಸಲಿಲ್ಲ.

ಅಪ್ಪ ಬಹಳ ಹೊತ್ತು ಪುಸ್ತಕವನ್ನೇ ನೋಡುತ್ತಿದ್ದ. ಆಮೇಲೆ ಕನ್ನಡಕ ತೆಗೆದ.

"ನಿಂಗಾಗ ಎರಡು ತಿಂಗ್ಳು. ನಿಮ್ಮವ್ವಂಗೆ ಜ್ವರ. ಬಾಯ್ ಬುಟ್ಟೋನು ಮುಚ್ತಾ ಇರ್ಲಿಲ್ಲ ನೀನು. ಎತ್ಕಂಡು ತಿರುಗ್ದೆ, ತಿರುಗ್ದೆ. ಅದೇನಾಯ್ತೋ, ಜಗಲಿ ಮ್ಯಾಲೆ ಮಡಗ್ಬುಟ್ಟು ಕೆರೆ ಏರಿ ಗಂಟ ಹೊಂಟೋದೆ."

"ಆಮೇಲೆ?"

"ಏರಿ ಮ್ಯಾಲೆ ನಿಂತ್ಕಂಡ್ರೂ ಕೇಳ್ತಿತ್ತು ಕಣಪ್ಪ. ಅಷ್ಟು ದೂರ ಕೇಳಾಕಿಲ್ಲ. ಆದ್ರೂ ಕೇಳ್ತಿತ್ತು. ವಾಪಸ್ ಬಂದೆ. ನೀನು ನಿದ್ದೆ ಮಾಡ್ತಿದ್ದೆ. ಪಕ್ಕದಲ್ಲಿ ನಾಯಿ ಮಲ್ಗಿತ್ತು."

"ಅವ್ವಂಗೆ ಗೊತ್ತಿತ್ತಾ?"

"ಯಾರ್ಗೂ ಗೊತ್ತಿಲ್ಲ."

ನಮ್ಮ ಹಟ್ಟಿಯ ಜಗಲಿ ಬೀದಿಗೆ ತೆರೆದಿದೆ. ಕೆರೆ ಏರಿಗೆ ನಡೆದು ಹೋಗಿ ಬರಲು ಅರ್ಧ ಗಂಟೆಯಾದರೂ ಬೇಕು.

ಅವನು ಹೋದ ಮೇಲೆ ಈ ಮಾತನ್ನು ಹಿಂದುಮುಂದು ತಿರುಗಿಸಿ ನೋಡಿದ್ದೇನೆ. ಅದನ್ನು ನಾನು ಕ್ಷಮಿಸಬೇಕೇ? ನನಗೆ ಆ ಜಗಲಿಯ ರಾತ್ರಿ ನೆನಪಿಲ್ಲ. ಅತ್ತದ್ದು ನಾನೇ ಎಂದು ಅವನು ಹೇಳುತ್ತಾನೆ, ನಂಬಬೇಕು. ನೆನಪಿಲ್ಲದ ನೋವನ್ನು ಕ್ಷಮಿಸುವುದು ಯಾರದೋ ಸಾಲಕ್ಕೆ ನಾನು ರಸೀದಿ ಕೊಟ್ಟಂತೆ. ನನಗೆ ನಿಜವಾಗಿ ನೋವಾದ ಎರಡು ಮೂರು ವಿಷಯಗಳಿವೆ: ಮದುವೆಗೆ ಬರದೆ ಇದ್ದದ್ದು, ಅವ್ವನ ಕಾರ್ಯಕ್ಕೆ ನನ್ನ ಹೆಂಡತಿ ಬರುವುದು ಬೇಡ ಎಂದು ಹೇಳಿ ಕಳಿಸಿದ್ದು. ಅವು ಚೆನ್ನಾಗಿ ನೆನಪಿವೆ. ಅವುಗಳ ಬಗ್ಗೆ ಅವನು ಒಂದು ಮಾತೂ ಆಡಲಿಲ್ಲ. ನಾನು ದೂರನ್ನೇ ಕೊಡದ ತಪ್ಪನ್ನು ಒಪ್ಪಿಕೊಂಡು, ದೂರಿರುವ ತಪ್ಪುಗಳನ್ನು ಹಾಗೇ ಬಿಟ್ಟುಹೋದ. ಇದರಿಂದ ಸಿಟ್ಟು ಕಡಿಮೆಯಾಗಿಲ್ಲ ಎನ್ನುವುದನ್ನು ಪ್ರಾಮಾಣಿಕವಾಗಿ ಹೇಳಬೇಕು.

ಆದರೆ ಇನ್ನೊಂದೂ ಆಯಿತು. ಕೆರೆ ಏರಿಯಿಂದ ವಾಪಸ್ ಬಂದವನನ್ನು ನಾನು ಮೊದಲ ಸಲ ಕಂಡೆ. ಹೊರಟುಹೋದವನನ್ನೂ ಕಂಡೆ, ಇಬ್ಬರೂ ಒಬ್ಬನೇ. ಸಾಕಿದ ಋಣ ಎಂದು ಅವನು ಹೇಳುತ್ತಿದ್ದಾಗ ಅದು ತಪ್ಪಿಲ್ಲದ ಲೆಕ್ಕದ ಹಾಗೆ ಕೇಳಿಸುತ್ತಿತ್ತು, ಅದಕ್ಕೇ ಮೈ ಉರಿಯುತ್ತಿತ್ತು. ಅವನ ಪುಸ್ತಕದಲ್ಲೂ ಒಂದು ಸಾಲು ಖಾಲಿ ಇತ್ತು. ಮೂವತ್ತಮೂರು ವರ್ಷ ಯಾರೂ ಅಲ್ಲಿ ಬೆರಳಿಟ್ಟಿರಲಿಲ್ಲ. ಮಾಡಿದ್ದನ್ನು ಅರಿಯುವುದು ಎಂದರೆ ನೆನಪಿಟ್ಟುಕೊಳ್ಳುವುದು ಎಂದೇ ನಾನು ತಿಳಿದಿದ್ದೆ. ಆದರೆ ನನಗೆ ಯಾರೋ ಏನು ಮಾಡಿದ್ದರು ಎನ್ನುವುದು ನನಗೆ ತಿಳಿದದ್ದು ರಾತ್ರಿ ಎರಡೂ ನಲವತ್ತಕ್ಕೆ, ನನ್ನದೇ ಕೈಗಳಲ್ಲಿ. ಒಳ್ಳೆಯದೂ ಕೆಟ್ಟದ್ದೂ ಎರಡೂ ಒಟ್ಟಿಗೆ. ಬೈಕಿನ ಹುಡುಗನಿಗೂ ಇಂಥ ಒಂದು ರಾತ್ರಿ ಸಿಕ್ಕಬಹುದು, ಸಿಕ್ಕದೆಯೂ ಹೋಗಬಹುದು.

ಆ ದಿನ ಮಧ್ಯಾಹ್ನ ಮುದ್ದೆ ಮಾಡಿದ್ದು ನಾನು. ಗಂಟು ಗಂಟಾಗಿತ್ತು. ಕೂತಿರು ಎಂದರೂ ಕೇಳದೆ ನನ್ನ ಹೆಂಡತಿಯೇ ಬಂದು ಬಡಿಸಿದಳು. ಅಪ್ಪ ತಲೆ ತಗ್ಗಿಸಿ ಉಂಡ. ಅವಳು ಎರಡನೇ ಸಲ ಸಾರು ತಂದಾಗ "ಸಾಕು ಕಣವ್ವ" ಎಂದ. ಅವಳು ಇನ್ನೊಂದು ಸೌಟು ಹಾಕಿದಳು. ಹೊರಡುವಾಗ ತೊಟ್ಟಿಲಿಗೆ ಬಗ್ಗಿ ಮಗುವಿನ ಅಂಗೈಗೆ ಐನೂರರ ನೋಟು ಇಟ್ಟ. ಮಗು ಹಿಡಿದುಕೊಂಡಿತು. "ನೋಡ್ದಾ, ಬುಡಾಕಿಲ್ಲ" ಎಂದ. ನರಗಳ ವಿಷಯ ನಾನು ಹೇಳಲು ಹೋಗಲಿಲ್ಲ.

ಆ ರಾತ್ರಿ ಹೆಂಡತಿ ಪುಸ್ತಕ ತೆಗೆದು ಆ ಪುಟಕ್ಕೆ ಬಂದು, ಪೆನ್ನನ್ನು ನನ್ನ ಕಡೆ ಚಾಚಿದಳು. ಏನೂ ಹೇಳಲಿಲ್ಲ. ನಾನು ಬರೆದೆ. 2:40ರಿಂದ 2:51. ಕೊನೆಯ ಕಾಲಮ್ಮಿನಲ್ಲಿ 'ಅಳು' ಎಂದು ಬರೆದು, ಪಕ್ಕದಲ್ಲಿ ನನ್ನ ಹೆಸರು ಬರೆದೆ.

ಈಗ ಮಗಳಿಗೆ ಐವತ್ತೆರಡು ದಿನ. ಆರನೇ ವಾರದ ಲಸಿಕೆ ಆಗಿದೆ, ಒಂದು ದಿನ ಜ್ವರ ಬಂದು ಹೋಯಿತು. ಸಂಜೆಯ ಹಾಲಿನ ಲೆಕ್ಕ ಮುಗಿಸಿ ಏಳೂವರೆಗೆ ಅಪ್ಪ ಫೋನು ಮಾಡುತ್ತಾನೆ. "ಇವತ್ತು ಎಷ್ಟು ಸಲ?" ಎಂದು ಕೇಳುತ್ತಾನೆ. ಏಳು ಅನ್ನುತ್ತೇನೆ, ಎಂಟು ಅನ್ನುತ್ತೇನೆ. ಹ್ಞೂ ಅಂದು ಇಟ್ಟುಬಿಡುತ್ತಾನೆ. ನಿನ್ನೆ ಹ್ಞೂ ಅಂದ ಮೇಲೂ ಇಡಲಿಲ್ಲ. ಆ ಕಡೆ ಯಾರೋ ಕ್ಯಾನು ಎಳೆಯುವ ಸದ್ದು ಕೇಳುತ್ತಿತ್ತು.

"ಅವ್ಳು ಉಂಡ್ಲಾ?" ಎಂದ.

ಉಂಡಳು ಅಂದೆ.